ಐದು ಕಿಲೋ ತಕ್ಕಡಿ, 180 ಗ್ರಾಂ ಮುದ್ದೆ

ಏಳುನೂರು ಚಿಲ್ಲರೆ ರೂಪಾಯಿ ಕೊಟ್ಟು ತಂದ ಡಿಜಿಟಲ್ ತಕ್ಕಡಿ ನಮ್ಮ ಮಂಡ್ಯದ ಮನೆಯ ಒಲೆ ಕಟ್ಟೆ ಏರಿ ಹದಿನಾಲ್ಕು ತಿಂಗಳಾಯಿತು. ಐದು ಕಿಲೋವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ. ಕೊಂಡಿದ್ದು ಕೇಕ್ ಮಾಡಲಿಕ್ಕಲ್ಲ. ಹನ್ನೊಂದು ವರ್ಷದ ಮಗನಿಗೆ ಟೈಪ್ 1 ಮಧುಮೇಹ. ಪ್ರತಿ ಊಟಕ್ಕೂ ಮೊದಲು ತಟ್ಟೆಯಲ್ಲಿ ಕಾರ್ಬೋಹೈಡ್ರೇಟ್ ಎಷ್ಟಿದೆ ಎಂದು ಲೆಕ್ಕ ಹಾಕಿ, 10 ಗ್ರಾಂಗೆ 1 ಯೂನಿಟ್‌ನಂತೆ ಇನ್ಸುಲಿನ್ ಕೊಡಬೇಕು. ಈ ಪ್ರಮಾಣ ವೈದ್ಯರು ನಮ್ಮ ಹುಡುಗನಿಗೆ ಗೊತ್ತು ಮಾಡಿಕೊಟ್ಟಿದ್ದು. ನಿಮ್ಮ ಮನೆಯ ಲೆಕ್ಕ ಬೇರೆಯೇ ಇರುತ್ತದೆ, ಇದನ್ನು ನಕಲು ಮಾಡಬೇಡಿ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ಇದಕ್ಕಿಂತ ದುಬಾರಿಯ ಮಾದರಿ. ಪಟ್ಟಿ ನೋಡಿ ಆಹಾರದ ಕೋಡ್ ಒತ್ತಿದರೆ ಕಾರ್ಬ್ ಎಷ್ಟೆಂದು ಅದೇ ಹೇಳುತ್ತದಂತೆ. ಪಟ್ಟಿಯಲ್ಲಿ ಬಾಗೆಲ್ ಇತ್ತು, ಪಾಸ್ತಾ ಇತ್ತು, ಚೀಸ್‌ನಲ್ಲೇ ನಾಲ್ಕು ಬಗೆ ಇದ್ದವು. ಮುದ್ದೆ ಇರಲಿಲ್ಲ. ಸಾದಾ ತಕ್ಕಡಿಯನ್ನೇ ತೆಗೆದುಕೊಂಡು ಬಂದೆ.

ಅದಕ್ಕೂ ಮೊದಲು ಸೌಟೇ ನಮ್ಮ ಅಳತೆ. ಒಂದು ಸೌಟು ಅನ್ನಕ್ಕೆ ಇಷ್ಟು ಎಂದು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದೆ. ತಕ್ಕಡಿ ಬಂದ ರಾತ್ರಿ ಪರೀಕ್ಷೆ ಮಾಡಿದೆ. ನಾನು ಬಡಿಸಿದ ಸೌಟು 70 ಗ್ರಾಂ, ಅತ್ತೆ ಬಡಿಸಿದ್ದು 115. ಸೌಟು ಅದೇ, ಕೈ ಬೇರೆ. ಬೆಂದ ಅನ್ನದಲ್ಲಿ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್ ಎಂದು ಹಿಡಿದರೂ ಒಂದು ಸೌಟಿಗೇ ಒಂದು ಯೂನಿಟ್ ಮೀರಿದ ವ್ಯತ್ಯಾಸ. ಅಜ್ಜಿ ಬಡಿಸಿದ ದಿನ ಮೊಮ್ಮಗನ ಶುಗರ್ ಏರುತ್ತಿದ್ದುದಕ್ಕೆ ನಾವು ಏನೇನೋ ಕಾರಣ ಹುಡುಕಿದ್ದೆವು.

ಅತ್ತೆಗೆ ಆ ತಕ್ಕಡಿ ಕಂಡರಾಗುತ್ತಿರಲಿಲ್ಲ. “ಉಣ್ಣುವ ಮಗುವಿನ ಅನ್ನ ತೂಗುತ್ತಾರೇನಮ್ಮ? ಅನ್ನಪೂರ್ಣೆ ಮುನಿಸಿಕೊಳ್ಳುವುದಿಲ್ಲವೇ?” ಎಂದು ಒಂದು ವಾರ ಗೊಣಗಿದರು. ಆಮೇಲೆ ಒಳಗಿನಿಂದ ಮಾವನವರ ಅಂಗಡಿಯ ಕಾಲದ 200 ಗ್ರಾಂ ಕಬ್ಬಿಣದ ಬಟ್ಟು ತಂದು ತಕ್ಕಡಿಯ ಮೇಲೆ ಇಟ್ಟರು. 200 ಎಂದು ತೋರಿಸಿತು. “ಸರಿಯಾಗಿದೆ” ಎಂದಷ್ಟೇ ಹೇಳಿ ಹೋದರು. ಆ ಬಟ್ಟು ಈಗ ತಕ್ಕಡಿಯ ಪಕ್ಕದಲ್ಲೇ ಇರುತ್ತದೆ. ತಣ್ಣಗಿದ್ದಾಗ ಒಂದು ಗ್ರಾಂ ಆಚೀಚೆ ಆಗಬಹುದು, ಅಷ್ಟೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಇಟ್ಟು ತೆಗೆದ ಮೇಲೆ ಅದೇ ಬಟ್ಟಿಗೆ 206 ತೋರಿಸಿದ್ದುಂಟು. ಹಾಗಾಗಿ ಬಿಸಿ ಪಾತ್ರೆಗೆ ಕೆಳಗೊಂದು ಮರದ ಮಣೆ.

ತಕ್ಕಡಿಯ ನಿಜವಾದ ಉಪಯೋಗ ಮುದ್ದೆಯಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್. 300 ಗ್ರಾಂ ಹಿಟ್ಟು ಎಸರಿಗೆ ಹಾಕಿದರೆ ಒಟ್ಟು 200. ಬೆಂದು, ಕೋಲಿನಲ್ಲಿ ತಿರುವಿ ಇಳಿಸಿದ ಮೇಲೆ ಪಾತ್ರೆಯ ತೂಕ ಕಳೆದು ನೋಡಿದರೆ 900 ಗ್ರಾಂ ಬಂತು ಎನ್ನೋಣ. ಆಗ ನಾಲ್ಕೂವರೆ ಗ್ರಾಂ ಮುದ್ದೆಗೆ ಒಂದು ಗ್ರಾಂ ಕಾರ್ಬ್. ಮಗನ ಮುದ್ದೆ 180 ಗ್ರಾಂ, ಅಂದರೆ 40 ಗ್ರಾಂ ಕಾರ್ಬ್, 4 ಯೂನಿಟ್. ಸಾರಿನಲ್ಲಿ ಕಾಳಿದ್ದರೆ ಅದರ ಲೆಕ್ಕ ಬೇರೆ.

ಅತ್ತೆ ಕಟ್ಟಿದ ಮುದ್ದೆಗಳು 178, 183, 180 ಹೀಗೆ ಬರುತ್ತವೆ. ಕಣ್ಣಳತೆಗೆ ಎಲ್ಲರೂ ಬೆರಗಾದೆವು. ಇನ್ನು ದಿನವೂ ತೂಗುವುದೇಕೆ ಎಂದು ನಾನೂ ಸಡಿಲ ಬಿಟ್ಟೆ. ಎಡವಿದ್ದು ಅಲ್ಲೇ. ಹಲ್ಲುಸೆಟ್ಟು ಕಚ್ಚುತ್ತದೆ ಎಂದು ಅತ್ತೆ ಕೆಲವು ದಿನ ಮುದ್ದೆಯನ್ನು ಮೆತ್ತಗೆ ಮಾಡುತ್ತಾರೆ. ಅಷ್ಟೇ ಹಿಟ್ಟಿಗೆ ಪಾತ್ರೆಯಲ್ಲಿ 1000 ಗ್ರಾಂ ಆಗುತ್ತದೆ. ಅದೇ 180 ಗ್ರಾಂ ಮುದ್ದೆಯಲ್ಲಿ ಆಗ ಕಾರ್ಬ್ 36 ಮಾತ್ರ. ಗಟ್ಟಿಯಾಗಿ 840ಕ್ಕೆ ಇಳಿದ ದಿನ 43. ನಮ್ಮ ಇನ್ಸುಲಿನ್ ಪೆನ್ನಿನಲ್ಲಿ ಅರ್ಧ ಯೂನಿಟ್ ಕೂಡ ತಿರುಗಿಸಬಹುದು, ಆದ್ದರಿಂದ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಈಗ ಹಿಟ್ಟನ್ನೂ ತೂಗುತ್ತೇವೆ, ಇಳಿಸಿದ ಮೇಲೆ ಪಾತ್ರೆಯನ್ನೂ ತೂಗುತ್ತೇವೆ.

ಇನ್ನು ದೂರು. ಈ ತಕ್ಕಡಿ ಎರಡು ನಿಮಿಷ ಮುಟ್ಟದೆ ಬಿಟ್ಟರೆ ತಾನೇ ಆರಿಹೋಗುತ್ತದೆ. ಬಟ್ಟಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿದ್ದೆ. ಬಾಗಿಲಿಗೆ ಯಾರೋ ಬಂದರು. ಹಿಂದಿರುಗಿ, ಬಟ್ಟಲನ್ನು ಎತ್ತಿಕೊಂಡು, ಆರಿದ್ದ ತಕ್ಕಡಿಯ ಗುಂಡಿ ಒತ್ತಿ, ಬಟ್ಟಲಿಗೆ ಅನ್ನ ಹಾಕಿ ತಂದು ಅದರ ಮೇಲಿಟ್ಟೆ. ಖಾಲಿ ಬಟ್ಟಲಿನ 60 ಗ್ರಾಂ ಕೂಡ ಅನ್ನವಾಗಿ ಸೇರಿತು, ಒಂದೂವರೆ ಯೂನಿಟ್ ಹೆಚ್ಚು ಹೋಯಿತು. ಒಂದೂವರೆ ಗಂಟೆಯ ಮೇಲೆ ಹುಡುಗ “ಅಮ್ಮಾ, ಕೈ ನಡುಗುತ್ತಿದೆ” ಎಂದ. ಗ್ಲೂಕೋಮೀಟರ್‌ನಲ್ಲಿ ಶುಗರ್ 58ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕುಳಿತೆ. 74ಕ್ಕೆ ಬಂದ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ತಪ್ಪು ನನ್ನದೇ, ಆದರೆ ಎರಡು ನಿಮಿಷ ಬಹಳ ಕಡಿಮೆ. ಈಗ ಪ್ರತಿ ಬಟ್ಟಲಿನ ತಳದಲ್ಲೂ ಅದರ ತೂಕವನ್ನು ಮಾರ್ಕರ್‌ನಲ್ಲಿ ಬರೆದಿದ್ದೇನೆ.

ಮದ್ದೂರು ವಡೆಯ ಮುಂದೆ ಇದು ನಿರುಪಯೋಗಿ. ತೂಕ ಸಿಗುತ್ತದೆ, ಆದರೆ ಮೈದಾ ಎಷ್ಟು, ರವೆ ಎಷ್ಟು, ಈರುಳ್ಳಿ ಎಷ್ಟು ಎಂದು ಹೇಳುವವರು ಯಾರು? ಜೊತೆಗೆ ಎಣ್ಣೆಯಿಂದ ಶುಗರ್ ತಡವಾಗಿ ಏರುತ್ತದೆ. ರೈಲಿನಲ್ಲಿ ಅವನು ವಡೆ ತಿಂದ ದಿನ ಎರಡು ಸಲ ಹೆಚ್ಚು ಬೆರಳು ಚುಚ್ಚಿ ಶುಗರ್ ನೋಡುತ್ತೇವೆ, ಅಷ್ಟೆ.

ಮತ್ತೊಂದು ತಂಟೆ ಬಟನ್ ಸೆಲ್. ಖಾಲಿಯಾಗುವುದು ಸದಾ ಭಾನುವಾರ ರಾತ್ರಿ, ಅಂಗಡಿ ಮುಚ್ಚಿದ ಮೇಲೆ. ಮುಂದಿನ ಸಲ ಪೆನ್ಸಿಲ್ ಸೆಲ್ ಹಾಕುವಂಥದ್ದನ್ನೇ ಕೊಳ್ಳುತ್ತೇನೆ, ಆರಲು ಎಷ್ಟು ಹೊತ್ತು ಎಂದು ಅಂಗಡಿಯಲ್ಲೇ ನಿಂತು ನೋಡುತ್ತೇನೆ. ಸದ್ಯಕ್ಕೆ ಮೇಲಿನ ಗೂಡಿನ ಸಾಸಿವೆ ಡಬ್ಬದ ಹಿಂದೆ ಎರಡು ಹೊಸ ಸೆಲ್‌ಗಳಿವೆ.