ಹೆಸರು ಹಳೆಯದು, ಬೂಟು ಬೇರೆ: ಚರ್ಮದ ಚಾರಣ ಬೂಟು ಕೊಳ್ಳುವವರ ಗಮನಕ್ಕೆ

ಹದಿಮೂರು ವರ್ಷ ಬಾಳಿದ ಚರ್ಮದ ಚಾರಣ ಬೂಟಿನ ಮೇಲಿನ ನಂಬಿಕೆಯಿಂದ, ಅದೇ ಕಂಪನಿ ಅದೇ ಹೆಸರಿನಲ್ಲಿ ಮಾರುತ್ತಿದ್ದ ಹೊಸ ಜೋಡಿಯನ್ನು 2018ರಲ್ಲಿ ಏನನ್ನೂ ವಿಚಾರಿಸದೆ ಕೊಂಡೆ. ಬಣ್ಣ, ಲೇಸಿನ ಕೊಕ್ಕೆ, ಕಣಕಾಲಿನ ಎತ್ತರ ಎಲ್ಲವೂ ಹಳೆಯದರಂತೆಯೇ ಇದ್ದವು.

ಹಳೆಯ ಬೂಟಿನ ಮೇಲ್ಭಾಗವನ್ನು ಒಂದೇ ದಪ್ಪ ಚರ್ಮದಿಂದ ಮಾಡಿ, ವೆಲ್ಟ್ ಎಂಬ ಅಂಚುಪಟ್ಟಿಯ ಮೂಲಕ ಬೂಟಿನ ಅಡಿಭಾಗಕ್ಕೆ (ಸೋಲ್) ಹೊಲಿದಿದ್ದರು. ಅಡಿಯ ರಬ್ಬರ್ ಸವೆದಾಗ ಅದನ್ನಷ್ಟೇ ಕಿತ್ತು ಹೊಸದನ್ನು ಕೂರಿಸಬಹುದಿತ್ತು, ನಾನು ಎರಡು ಬಾರಿ ಕೂರಿಸಿದ್ದೆ. ಹೊಸದರಲ್ಲಿ ವೆಲ್ಟ್ ಇರಲಿಲ್ಲ. ಚರ್ಮಕ್ಕೂ ರಬ್ಬರಿಗೂ ನಡುವೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಫೋಮಿನ ಪದರವಿಟ್ಟು ಎಲ್ಲವನ್ನೂ ಅಂಟಿಸಿದ್ದರು. ಅಂಚಿನಲ್ಲಿ ಕಾಣುತ್ತಿದ್ದ ಹೊಲಿಗೆ ಬರಿಯ ಅಲಂಕಾರ. ಬೂಟು ಹಗುರವಾಗಿತ್ತು, ಮೊದಲ ದಿನವೇ ಕಾಲಿಗೆ ಹೊಂದಿತು ಎಂಬುದನ್ನು ಒಪ್ಪಬೇಕು.

ಕೊರೊನಾ ಕಾಲದಲ್ಲಿ ಅದು ಕಪಾಟಿನಲ್ಲೇ ಉಳಿಯಿತು. 2022ರ ನವೆಂಬರಿನಲ್ಲಿ ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೊರಟಾಗ ದಾರಿಯಲ್ಲಿ ಸಿಗುವ ಭಟ್ಟರ ಮನೆಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಕಲ್ಲುಮಂಟಪ ದಾಟಿ ಶೇಷ ಪರ್ವತದ ಏರಿನಲ್ಲಿ ಎಡಗಾಲಿನ ಹಿಮ್ಮಡಿಯ ಕಡೆ ಅಡಿ ಬಾಯಿಬಿಟ್ಟಿತು. ಮುಟ್ಟಿ ನೋಡಿದರೆ ನಡುವಿನ ಪದರ ಒಣಗಿದ ರೊಟ್ಟಿಯಂತೆ ಪುಡಿಪುಡಿಯಾಗಿ ಉದುರುತ್ತಿತ್ತು. ಅರ್ಧ ಗಂಟೆಯಲ್ಲಿ ಬಲಗಾಲಿನದೂ ಕಳಚಿತು. ಹಗ್ಗದಿಂದ ಬಿಗಿದುಕಟ್ಟಿ, ಸಂಗಾತಿಯ ಹೆಗಲು ಹಿಡಿದು, ಜಾರುವ ಬಂಡೆಗಳ ಮೇಲೆ ಕುಳಿತು ಕುಳಿತು ಇಳಿದು ಭಟ್ಟರ ಮನೆ ಸೇರುವಾಗ ಕತ್ತಲಾಗಿತ್ತು. ಎರಡು ಸಲ ಬಿದ್ದು ಮೊಣಕಾಲು ಊದಿಕೊಂಡಿತ್ತು.

ಗಾಳಿಯ ತೇವಾಂಶ ಪಾಲಿಯುರೆಥೇನಿನ ಅಣುಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತದೆ. ಇದನ್ನು ಜಲವಿಭಜನೆ ಎನ್ನುತ್ತಾರೆ. ಬೂಟು ಪೆಟ್ಟಿಗೆಯಿಂದ ಹೊರಬರದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ, ಮಲೆನಾಡು ಮತ್ತು ಕರಾವಳಿಯಂಥ ಬೆಚ್ಚಗಿನ ತೇವದ ಹವೆಯಲ್ಲಿ ಇನ್ನೂ ಬೇಗ ನಡೆಯುತ್ತದೆ. ಕಂಪನಿಗೆ ಬರೆದಾಗ ವಾರಂಟಿ ಮುಗಿದಿದೆ, ಈ ವಿನ್ಯಾಸಕ್ಕೆ ಹೊಸ ಅಡಿ ಹಾಕಲಾಗದು ಎಂಬ ಉತ್ತರ ಬಂತು. ವಿನ್ಯಾಸ ಬದಲಿಸಲು ಅವರಿಗೆ ಹಕ್ಕಿದೆ; ಆದರೆ ಹಳೆಯ ಹೆಸರನ್ನು ಉಳಿಸಿಕೊಂಡು, ಒಳಗಿನ ಬದಲಾವಣೆಯನ್ನು ಪೆಟ್ಟಿಗೆಯ ಮೇಲೆ ಒಂದು ಸಾಲಿನಲ್ಲೂ ತಿಳಿಸದೆ ಮಾರಿದ್ದು ನನ್ನ ದೃಷ್ಟಿಯಲ್ಲಿ ವಂಚನೆಯೇ.

ಆದ್ದರಿಂದ ಕೊಳ್ಳುವ ಮೊದಲು ಅಡಿಯನ್ನು ಹೊಲಿದಿದ್ದಾರೆಯೇ ಅಂಟಿಸಿದ್ದಾರೆಯೇ, ಮುಂದೆ ಬದಲಿಸಬಹುದೇ ಎಂದು ಸ್ಪಷ್ಟವಾಗಿ ಕೇಳಿ. ತಯಾರಾದ ತಿಂಗಳನ್ನು ನೋಡಿ. ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನು ಅಂಗಡಿಯಲ್ಲೇ ಅರ್ಧ ಆಯಸ್ಸು ಕಳೆದಿರಬಹುದು. ಮನೆಯಲ್ಲಿ ವರ್ಷಗಟ್ಟಲೆ ಇಟ್ಟ ಬೂಟಾದರೆ, ಬೆಟ್ಟಕ್ಕೆ ಹೊರಡುವ ವಾರದ ಮೊದಲೇ ನಡುವಿನ ಪದರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಬಿರುಕು ಕಂಡರೆ ಅಥವಾ ಪುಡಿ ಉದುರಿದರೆ ಅದನ್ನು ಧರಿಸಬೇಡಿ.