ಫೋಂಡಾದ ಚಿರೇಕಲ್ಲು ಮನೆ: ಚಾವಣಿಗೆ ಶಭಾಷ್, ಸೂರಿಗೆ ಇಲ್ಲ

ಗೋವಾದ ಫೋಂಡಾ ಕಡೆ ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕಿನ ಮನೆ ಕಟ್ಟಿಕೊಡುವ ಸಣ್ಣ ತಂಡವೊಂದರಿಂದ 900 ಚದರಡಿಯ ಮನೆ ಕಟ್ಟಿಸಿದೆವು. ಎರಡನೇ ಮಳೆಗಾಲ ಮುಗಿಯುತ್ತ ಬಂತು, ಈಗ ಬರೆಯುತ್ತಿದ್ದೇನೆ. ಮಳೆ ನೋಡದೆ ಗೋವಾದ ಮನೆಗೆ ಮಾರ್ಕು ಕೊಡಬಾರದು.

ಕೊಟ್ಟ ದುಡ್ಡಿಗೆ ಮೋಸವಾಗದ್ದು ಚಾವಣಿಯಲ್ಲಿ. ಫಿಲ್ಲರ್ ಸ್ಲ್ಯಾಬ್, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದ ವಿಧಾನ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟು ಹೆಚ್ಚುಕಡಿಮೆ ದಂಡಕ್ಕೆ ಕೂತಿರುತ್ತದೆ. ಅದರ ಜಾಗಕ್ಕೆ ಮಂಗಳೂರು ಹಂಚನ್ನು ಜೋಡಿ ಜೋಡಿಯಾಗಿ, ನಡುವೆ ಪೊಳ್ಳು ಉಳಿಯುವಂತೆ ಇಡುತ್ತಾರೆ. ಸಿಮೆಂಟೂ ಉಳಿಯಿತು, ಬಿಸಿಲಿನ ಕಾವೂ ಒಳಗಿಳಿಯುವುದು ಕಡಿಮೆ. ಏಪ್ರಿಲ್ ಮಧ್ಯಾಹ್ನಕ್ಕೂ ಫ್ಯಾನ್ ಸಾಕಾಯಿತು. ಹಂಚು ಹಳೇ ಮನೆ ಕೆಡವಿದಲ್ಲಿಂದ ತಂದದ್ದು. ಒಂದೆರಡಕ್ಕೆ ಯಾರದ್ದೋ ಅಡುಗೆಮನೆಯ ಹೊಗೆಗರಿ ಅಂಟಿತ್ತು. ಉಜ್ಜಿದರೂ ಹೋಗಲಿಲ್ಲ, ಹೆಂಡತಿ ಇರಲಿ ಬಿಡಿ ಅಂದಳು. ಒಂದು ಮಾತು: ಫ್ಯಾನಿನ ಕೊಕ್ಕೆ ಎಲ್ಲೆಲ್ಲಿ ಬೇಕೆಂದು ಕಾಂಕ್ರೀಟು ಸುರಿಯುವ ಮೊದಲೇ ಹಟ ಹಿಡಿದು ಹೇಳಿ. ಆಮೇಲೆ ಡ್ರಿಲ್ ಹಿಡಿದರೆ ಹಂಚು ಒಡೆಯುತ್ತದೆ.

ಗೋಡೆ ಚಿರೇಕಲ್ಲಿನದು, ಗಿಲಾವು ಇಲ್ಲ. ಕಲ್ಲು ಕಡಿಯುವ ಕಣಿಯಲ್ಲಿ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಈ ಕಲ್ಲು ಅಂಕೋಲೆಯ ನಮಗೆ ಹೊಸದಲ್ಲ. ಬಾಗಲಕೋಟೆ ಕಡೆಯ ಗೌಂಡಿಗಳು ಸಂದು ತುಂಬಿದ ಚಂದ ನೋಡಬೇಕು. ಆದರೆ ಡಿಸೈನಿನವರು ಪಡುವಣ ಗೋಡೆಗೆ ಸೂರು, ಅಂದರೆ ಗೋಡೆಯಿಂದಾಚೆ ಚಾಚುವ ಮಾಡಿನ ಅಂಚು, ಬಿಟ್ಟದ್ದು ಒಂದೂವರೆ ಅಡಿ! ಇಲ್ಲಿಯ ಮಳೆ ನೆಟ್ಟಗೆ ಬೀಳುವುದೇ ಅಪರೂಪ, ಓರೆಯಾಗಿ ಬಡಿಯುತ್ತದೆ. ಮೊದಲ ಜುಲೈಗೇ ಮಂಚದ ಹಿಂದಿನ ಗೋಡೆ ಒದ್ದೆ, ಕಲ್ಲಿನ ತೂತುಗಳಲ್ಲಿ ಹಸಿರು ಪಾಚಿ. ಫೋನ್ ಮಾಡಿದರೆ "ಪ್ರಕೃತಿ ಜೊತೆ ಹೊಂದ್ಕೊಂಡು ಹೋಗ್ಬೇಕಲ್ವಾ ಸರ್" ಎಂಬ ಉತ್ತರ. ಪ್ರಕೃತಿ ಅಂಗಳದಲ್ಲಿರಲಿ ಮಾರಾಯ್ರೆ, ಹಾಸಿಗೆಗೆ ಯಾಕೆ? ದೀಪಾವಳಿ ಕಳೆದ ಮೇಲೆ ಬಂದು ಹಂಚಿನ ಸೂರು ಮುಂದಕ್ಕೆ ಎಳೆದುಕೊಟ್ಟರು, ದುಡ್ಡು ಕೇಳಲಿಲ್ಲ. ಈ ವರ್ಷ ಗೋಡೆ ಒಣಗಿದೆ.

ಹಲಸಿನ ಮರ ಕಡಿಯದೆ ಪಡಸಾಲೆಯನ್ನೇ ಅದರ ಸುತ್ತ ತಿರುಗಿಸಿದ್ದಾರೆ. ನೆರಳಿಗೆ ಸುಖ, ಸೂರಿನ ದಂಬೆ ತುಂಬ ಎಲೆ.

ಖರ್ಚು? ಗಿಲಾವು, ಪುಟ್ಟಿ, ಬಣ್ಣ ಉಳಿದದ್ದು ನಿಜ. ಆದರೆ ಬರಿಗಲ್ಲನ್ನು ನೀಟಾಗಿ ಕೂರಿಸಲು ಕೂಲಿಯೂ ಜಾಸ್ತಿ, ದಿನವೂ ಜಾಸ್ತಿ. ಅರ್ಧ ದುಡ್ಡಿಗೆ ಮನೆ ಏಳುತ್ತದೆಂದು ನಂಬಿ ಹೋಗಬೇಡಿ. ಕರೆಂಟ್ ಬಿಲ್ಲಿನಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತಿದೆ. ಕೆಲಸ ಇವರಿಗೇ ಕೊಡಿ, ಆದರೆ ನಕ್ಷೆಗೆ ಸಹಿ ಹಾಕುವ ಮುಂಚೆ ಪಡುವಣ ಸೂರು ಮೂರಡಿ ಎಂದು ಬರೆಸಿಕೊಳ್ಳಿ.