ಮೂರು ಎಐ ಪತ್ತೆ ಟೂಲ್‌ಗಳು, ಒಂದು ಬ್ಲೂ ಬುಕ್

ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಸೈನ್‌ಮೆಂಟ್‌ಗಳಲ್ಲಿ ಚಾಟ್‌ಜಿಪಿಟಿ ಹಾವಳಿ ಜಾಸ್ತಿಯಾಯಿತು ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಗಲಾಟೆಯಾಯಿತು. ಕೊನೆಗೆ ಪ್ರಿನ್ಸಿಪಾಲರು ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ಪತ್ತೆ ಹಚ್ಚೋ ಟೂಲ್ ಯಾವುದು ತಗೊಳ್ಳೋದು ಅಂತ ನೀವೇ ನೋಡಿ ಹೇಳಿ ಮೇಡಂ."

ಮೂರು ಟೂಲ್ ಹಿಡಿದುಕೊಂಡು ಕೂತೆ. ಹೆಸರು ಹೇಳುವುದಿಲ್ಲ. ಹನ್ನೊಂದು ಪ್ರಬಂಧ ಹಾಕಿ ನೋಡಿ ಒಂದು ಕಂಪನಿಯ ಹೆಸರು ಕೆಡಿಸುವುದು ನ್ಯಾಯವಲ್ಲ. ಒಂದು ಪುಕ್ಕಟೆಯದು, ಅನುಮಾನ ಬಂದ ವಾಕ್ಯಕ್ಕೆಲ್ಲ ಬಣ್ಣ ಬಳಿಯುತ್ತದೆ. ಎರಡನೆಯದೂ ಪುಕ್ಕಟೆ, ಒಂದು ಶೇಕಡಾ ಹೇಳಿ ಸುಮ್ಮನಾಗುತ್ತದೆ. ಮೂರನೆಯದು ದುಡ್ಡಿನದು, ಟ್ರಯಲ್‌ಗೆ ಅಂತ ಕೊಟ್ಟಿದ್ದರು.

ಮನುಷ್ಯರೇ ಬರೆದದ್ದು ಅಂತ ಆಣೆ ಮಾಡಿ ಹೇಳಬಹುದಾದ ಬರಹ ಎಲ್ಲಿ ಸಿಗುತ್ತದೆ ಎನ್ನುವುದೇ ಮೊದಲ ತಲೆನೋವು. ನಮ್ಮ ಕಾಲೇಜಿನ 2017ರ ವಾರ್ಷಿಕ ಸಂಚಿಕೆ ಲೈಬ್ರರಿಯಲ್ಲಿ ಸಿಕ್ಕಿತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಹಾಗಾಗಿ ಅದರಲ್ಲಿದ್ದ ನಾಲ್ಕು ಇಂಗ್ಲಿಷ್ ಪ್ರಬಂಧ ಆರಿಸಿಕೊಂಡು ಟೈಪ್ ಮಾಡಿದೆ. ನನ್ನ ಕಣ್ಣೆದುರೇ ಕೂತು ಇಬ್ಬರು ಬ್ಲೂ ಬುಕ್‌ನಲ್ಲಿ, ಅಂದರೆ ಕಾಲೇಜಿನ ಟೆಸ್ಟ್ ಬರೆಯುವ ಪುಸ್ತಕದಲ್ಲಿ, ಬರೆದದ್ದು ಎರಡು. ಚಾಟ್‌ಜಿಪಿಟಿಯಿಂದ ನೇರವಾಗಿ ಬರೆಸಿದ್ದು ಮೂರು. ಅಂಥದ್ದೇ ಇನ್ನೊಂದನ್ನು ಪದ ಬದಲಿಸುವ ಟೂಲ್‌ಗೆ ಹಾಕಿ ತಿರುಚಿದೆ. ಹನ್ನೊಂದನೆಯದನ್ನು ಮಾತ್ರ ಕೇಳಿಯೇ ಬರೆಸಿದೆ: "ಬಿ.ಕಾಂ. ಎರಡನೇ ವರ್ಷದ ಹುಡುಗ ಬರೆದ ಹಾಗೆ, ಅಲ್ಲಲ್ಲಿ ಸಣ್ಣ ತಪ್ಪು ಮಾಡಿ ಬರೆ." ವಿದ್ಯಾರ್ಥಿಗಳ ಬರಹ ಹಾಕುವಾಗ ಹೆಸರು, ರಿಜಿಸ್ಟರ್ ನಂಬರ್ ತೆಗೆದುಹಾಕಿದೆ. ಪುಕ್ಕಟೆ ಸೈಟ್‌ಗೆ ಹಾಕಿದ ಬರಹ ಆಮೇಲೆ ಎಲ್ಲಿ ಹೋಗುತ್ತದೋ ಯಾರಿಗೆ ಗೊತ್ತು.

ನೇರವಾಗಿ ಬರೆಸಿದ ಮೂರನ್ನೂ ಮೂರೂ ಟೂಲ್‌ಗಳು ಹಿಡಿದವು. ಇದನ್ನು ಒಪ್ಪಿಕೊಳ್ಳಲೇಬೇಕು. ಸೋಮಾರಿ ಕಳ್ಳ ಸಿಗುತ್ತಾನೆ. ಪದ ಬದಲಿಸಿದ್ದು ದುಡ್ಡಿನ ಟೂಲ್‌ಗೆ ಮಾತ್ರ ಸಿಕ್ಕಿತು. ತಪ್ಪು ಮಾಡಿ ಬರೆಸಿದ್ದಂತೂ ಎರಡು ಪುಕ್ಕಟೆ ಟೂಲ್‌ಗಳಲ್ಲೂ ಪಾಸು! ದುಡ್ಡಿನದು ಅರ್ಧ ಅನುಮಾನ ಪಟ್ಟಿತು.

ಮನುಷ್ಯರ ಬರಹದಲ್ಲಿ ಕಥೆ ಬೇರೆಯೇ ಆಯಿತು. 2017ರ ನಾಲ್ಕರಲ್ಲಿ ಎರಡನ್ನು ಬಣ್ಣದ ಟೂಲ್ ಯಂತ್ರದ್ದು ಅಂದಿತು. ಶೇಕಡಾ ಟೂಲ್ ಒಂದನ್ನು ಅಂದಿತು. ಕೊನೆಯ ಪ್ಯಾರಾ ತೆಗೆದು ಮತ್ತೆ ಹಾಕಿದರೆ ಅದೇ ಪ್ರಬಂಧ ಮನುಷ್ಯರದ್ದಾಯಿತು. ದುಡ್ಡಿನದು ನಾಲ್ಕನ್ನೂ ಸರಿಯಾಗಿ ಹೇಳಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದನ್ನೇ ತಗೊಳ್ಳಿ ಅಂದುಬಿಡುತ್ತಿದ್ದೆ.

ಬ್ಲೂ ಬುಕ್‌ನ ಎರಡರಲ್ಲಿ ಒಂದು ಸಲೀಸಾಗಿ ಹೋಯಿತು. ಇನ್ನೊಂದು, ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿಯದ್ದು. ಎರಡು ಪುಕ್ಕಟೆ ಟೂಲ್‌ಗಳೂ ಅದನ್ನು ಪೂರ್ತಿ ಯಂತ್ರದ್ದು ಅಂದವು. ದುಡ್ಡಿನದೂ ಮೊದಲ ಪ್ಯಾರಾಕ್ಕೆ ಗುರುತು ಹಾಕಿತು. ಮೊಬೈಲ್ ಇಲ್ಲದೆ, ಗೈಡ್ ಇಲ್ಲದೆ, ನಲವತ್ತು ನಿಮಿಷ ನನ್ನೆದುರು ಪೆನ್ನು ಕಚ್ಚುತ್ತಾ ಬರೆದವಳು ಅವಳು. "ಈ ಮೊದಲ ಪ್ಯಾರಾ ಎಲ್ಲಿಂದ ಬಂತಮ್ಮಾ?" ಅಂತ ಕೇಳಿದೆ. "ಪಿಯುಸಿಲಿ ಗೈಡ್ ನೋಡಿ ಬಾಯಿಪಾಠ ಮಾಡಿದ್ದೆ ಮೇಡಂ. ಎಲ್ಲಾ ಎಸ್ಸೇಗೂ ಅದೇ ಹಾಕ್ತೀನಿ."

ಟೂಲ್‌ನ ಮೂಗು ಪೂರ್ತಿ ಸುಳ್ಳಲ್ಲ ನೋಡಿ. ಅವಳದ್ದಲ್ಲದ ವಾಸನೆ ಅದಕ್ಕೆ ಬಡಿದಿದೆ. ಆದರೆ ಅದು ಯಂತ್ರದ್ದಲ್ಲ, ಗೈಡಿನದ್ದು.

ಇಂಥ ಬಹಳಷ್ಟು ಟೂಲ್‌ಗಳು ಕೆಲಸ ಮಾಡುವುದು ಅಂದಾಜಿನ ಮೇಲೆ. "ಊಟಕ್ಕೆ ಅನ್ನ" ಅಂದರೆ ಮುಂದಿನ ಪದ "ಸಾರು" ಅಂತ ಯಾರು ಬೇಕಾದರೂ ಊಹಿಸಬಹುದು. ಹಾಗೆ ಊಹೆಗೆ ಸಿಗುವ ಪದಗಳೇ ಸಾಲಾಗಿ ಬಂದರೆ, ವಾಕ್ಯಗಳೆಲ್ಲ ಒಂದೇ ಅಳತೆಯಲ್ಲಿದ್ದರೆ, ಟೂಲ್‌ಗೆ ಅನುಮಾನ. ಈಗ ನಮ್ಮ ಮಕ್ಕಳ ಇಂಗ್ಲಿಷ್ ನೆನಪಿಸಿಕೊಳ್ಳಿ. ಇರುವ ಪದ ಕಮ್ಮಿ. ತಪ್ಪಾದೀತು ಅನ್ನುವ ಹೆದರಿಕೆಯಿಂದ ಗೊತ್ತಿರುವ ವಾಕ್ಯವನ್ನೇ ಬರೆಯುತ್ತಾರೆ. "ಇನ್ ಟುಡೇಸ್ ಮಾಡರ್ನ್ ವರ್ಲ್ಡ್" ಅಂತ ಶುರು. ಆಮೇಲೆ ಫಸ್ಟ್ಲಿ, ಸೆಕೆಂಡ್ಲಿ, ಲಾಸ್ಟ್ಲಿ. ಹೀಗೆ ಬರೆಯಿರಿ ಅಂತ ಬೋರ್ಡ್ ಮೇಲೆ ಬರೆದು ಕಲಿಸಿದವರು ನಾವೇ ಅಲ್ವಾ? ಈಗ ಯಂತ್ರದ ಹಾಗೆ ಬರೆದೆ ಅಂತ ನಾವೇ ಬೈಯುವುದು.

ಇದು ನನ್ನ ಒಬ್ಬಳ ಅನುಭವವಲ್ಲ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಟೂಲ್‌ಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಟೂಲ್‌ಗಳು ಯಂತ್ರದ್ದು ಅಂದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಹೆಚ್ಚುಕಮ್ಮಿ ಸರಿಯಾಗಿಯೇ ಗುರುತಿಸಿದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ ಅದೇ ವರ್ಷ ಜನವರಿಯಲ್ಲಿ ತನ್ನದೇ ಪತ್ತೆ ಟೂಲ್ ಬಿಟ್ಟಿತ್ತು. ಯಂತ್ರದ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ ಶೇ. 9ರಷ್ಟನ್ನು ತಪ್ಪಾಗಿ ಹೇಳುತ್ತದೆ ಅಂತ ತಾನೇ ಒಪ್ಪಿಕೊಂಡಿತ್ತು. ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅಡುಗೆ ಮಾಡಿದವರಿಗೇ ತಮ್ಮ ಕೈರುಚಿ ಗೊತ್ತಾಗಲಿಲ್ಲ.

ಶೇ. 1 ತಪ್ಪು ಅಂದರೂ ಸಣ್ಣದಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2022ರಲ್ಲಿ 75,000 ಬರಹಗಳನ್ನು ಟರ್ನಿಟಿನ್ ಅನ್ನುವ ನಕಲು ಪತ್ತೆ ಸಾಫ್ಟ್‌ವೇರ್‌ಗೆ ಹಾಕಿತ್ತು. ಶೇ. 1ರ ಲೆಕ್ಕದಲ್ಲಿ 750 ಬರಹಗಳ ಮೇಲೆ ಸುಳ್ಳು ಆರೋಪ ಬರಬಹುದಿತ್ತು ಅಂತ ಲೆಕ್ಕ ಹಾಕಿ, 2023ರ ಆಗಸ್ಟ್‌ನಲ್ಲಿ ಅದರ ಎಐ ಪತ್ತೆ ಸೌಲಭ್ಯವನ್ನೇ ನಿಲ್ಲಿಸಿತು. ನನಗೆ ಮೂರು ಸೆಕ್ಷನ್, ನೂರ ಎಂಬತ್ತು ಮಕ್ಕಳು. ಶೇ. 1 ಅಂದರೆ ಇಬ್ಬರು. ಆ ಇಬ್ಬರು ಯಾರಾಗಿರುತ್ತಾರೆ ಅಂತ ಬ್ಲೂ ಬುಕ್ ಆಗಲೇ ಹೇಳಿತ್ತು.

ಕನ್ನಡ ವಿಭಾಗದ ಮೇಡಂ ಒಂದು ಕನ್ನಡ ಪ್ರಬಂಧ ಕೊಟ್ಟು ಇದನ್ನೂ ನೋಡಿ ಅಂದರು. ಬಣ್ಣದ ಟೂಲ್ ಈ ಭಾಷೆ ನನಗೆ ಬರುವುದಿಲ್ಲ ಅಂತ ಕೈಚೆಲ್ಲಿತು. ಶೇಕಡಾ ಟೂಲ್ ಕೇಳಿದ ತಕ್ಷಣ ಒಂದು ನಂಬರ್ ಕೊಟ್ಟಿತು. ನನಗೆ ಬಣ್ಣದ್ದರ ಮೇಲೆ ಸ್ವಲ್ಪ ಗೌರವ ಬಂತು.

ಟೂಲ್ ಬಿಟ್ಟು ಬೇರೆ ದಾರಿಗಳನ್ನೂ ನೋಡಿದೆ. ಗೂಗಲ್ ಡಾಕ್ಸ್‌ನಲ್ಲಿ ಬರೆಸಿ, ಬರಹ ಹೇಗೆ ಬೆಳೆಯಿತು ಅಂತ ಅದರ ಹಿಸ್ಟರಿ ನೋಡಿ ಅನ್ನುತ್ತಾರೆ. ಲ್ಯಾಪ್‌ಟಾಪ್ ಇದ್ದವರಿಗೆ ಇದು ಒಳ್ಳೆಯದೇ. ನಮ್ಮಲ್ಲಿ ಎಷ್ಟೋ ಮಕ್ಕಳು ಕೈಯಲ್ಲಿ ಬರೆದು, ಝೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿ ತರುತ್ತಾರೆ. ಹಿಸ್ಟರಿ ನೋಡಿದರೆ ಅಂಗಡಿಯ ಅಣ್ಣನ ಟೈಪಿಂಗ್ ಸ್ಪೀಡ್ ಗೊತ್ತಾಗುತ್ತದೆ, ಅಷ್ಟೇ.

ಇನ್ನೊಂದು ವೈವಾ. ತಲೆಗೆ ಐದು ನಿಮಿಷ, ಅರವತ್ತು ಮಕ್ಕಳಿಗೆ ಐದು ಗಂಟೆ. ಒಂದು ಸೆಕ್ಷನ್‌ಗೆ ಮಾಡಿ ನೋಡಿದೆ, ಗಂಟಲು ಬಿದ್ದುಹೋಯಿತು. ಕನ್ನಡದಲ್ಲಿ ಹೇಳಿದರೂ ಸರಿ ಅಂದಿದ್ದೆ. ಮೂರೂ ಟೂಲ್‌ಗಳಲ್ಲಿ ಚೊಕ್ಕವಾಗಿ ಪಾಸಾದ ಅಸೈನ್‌ಮೆಂಟ್ ಕೊಟ್ಟಿದ್ದ ಒಬ್ಬ ಹುಡುಗನಿಗೆ, ಅವನೇ ಬರೆದಿದ್ದ "ನ್ಯುಆನ್ಸ್‌ಡ್" ಪದದ ಅರ್ಥ ಕೇಳಿದೆ. ನಕ್ಕುಬಿಟ್ಟ. "ಮೇಡಂ, ಅದು ಹಂಗೇ ಬಂದ್ಬಿಟ್ಟಿದೆ." ಗೈಡ್ ಹುಡುಗಿ ತನ್ನ ಪ್ರಬಂಧದ ವಿಷಯವನ್ನು ಕನ್ನಡದಲ್ಲಿ ಹೇಳಿದ್ದು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಅವರ ಸಂತೆಯ ಫೋನ್‌ಪೇ ಜಗಳಗಳ ಕಥೆ ಅದರಲ್ಲಿತ್ತು. "ಇದನ್ನ ಯಾಕೆ ಬರೀಲಿಲ್ಲ?" ಅಂದೆ. "ಇದೆಲ್ಲ ಎಸ್ಸೇಲಿ ಬರೀಬೋದಾ ಮೇಡಂ?" ಅಂದಳು.

ಪ್ರಿನ್ಸಿಪಾಲರಿಗೆ ಬರೆದುಕೊಟ್ಟಿದ್ದೇನೆ. ಮೂರರಲ್ಲಿ ದುಡ್ಡಿನದೇ ವಾಸಿ, ಆದರೂ ಅದರ ಮಾತು ಕೇಳಿ ಒಂದು ಮಾರ್ಕ್ ಕೂಡ ಕಳೆಯಲಾರೆ. ಈ ಸೆಮಿಸ್ಟರ್‌ನಿಂದ ಕ್ಲಾಸಿನಲ್ಲೇ ಇಪ್ಪತ್ತು ನಿಮಿಷ ಮೊದಲ ಡ್ರಾಫ್ಟ್, ಮನೆಯಲ್ಲಿ ತಿದ್ದಿ ಬರೆಯುವುದು, ಅನುಮಾನ ಬಂದವರಿಗೆ ಮಾತ್ರ ವೈವಾ. ಇನ್ನೂರು ಬ್ಲೂ ಬುಕ್‌ಗೆ ಇಂಡೆಂಟ್ ಹಾಕಿದ್ದೇನೆ. ಆಫೀಸಿನಿಂದ ಇನ್ನೂ ಬಂದಿಲ್ಲ.